ಅಕ್ಷರಕ್ಕೆ ಬಿಡದ ಅಂಗಳ

ಹಂಸಾಳ ಬಲಗೈ ಮಣಿಕಟ್ಟಿನ ಮೇಲೆ ಎರಡು ಗಾಯದ ಗುರುತುಗಳಿವೆ. ಒಂದು ಹಳೆಯದು, ಭತ್ತದ ಕಾಳಿನಷ್ಟು ಚಿಕ್ಕದು. ಹಿತ್ತಾಳೆ ಸ್ಕೇಲಿನ ಅಂಚು ಮಾಡಿದ್ದು. ಇನ್ನೊಂದು ಹೊಸತು, ಮಣಿಕಟ್ಟಿನಿಂದ ಹೆಬ್ಬೆರಳಿನ ಬುಡದವರೆಗೆ ಓರೆಯಾಗಿ ಓಡಿದೆ, ಅದು ಗಾಜಿನದು. ಎರಡರ ನಡುವೆ ಮೂವತ್ತೈದು ವರ್ಷಗಳಿವೆ.

ಅಜ್ಜಂಪುರದ ರೈಲ್ವೆ ಗೇಟಿನ ಹಿಂದಿನ ಸಾಲುಮನೆಯಿಂದ ಅವಳು ಕಡೂರಿನ ನಕ್ಷೆ ಅಂಗಡಿಗೆ ಕೆಲಸಕ್ಕೆ ಬಂದಾಗ ಹತ್ತೊಂಬತ್ತು ವರ್ಷ. ಅಂಗಡಿ ಶಾಮಣ್ಣನವರದು. ಸರ್ವೆ ಕೆಲಸದಿಂದ ನಿವೃತ್ತರಾದ ಮೇಲೆ ಅವರು ಲೈಸೆನ್ಸ್ ಪಡೆದು ಜನರ ಜಮೀನು ಅಳೆದು, ನಕ್ಷೆ ಮಾಡಿಕೊಡುತ್ತಿದ್ದರು. ಅಳತೆ ಅವರದು, ಅಳತೆಯನ್ನು ಶುದ್ಧಪ್ರತಿಯಾಗಿ ಬರೆಯುವುದು ಹಂಸಾಳದು. ಅವಳ ಅಕ್ಷರ ದುಂಡಗಿತ್ತು, ಅದೊಂದೇ ಅವಳ ಅರ್ಹತೆ.

ಮೂರನೆಯ ದಿನ ಹಿರೇನಲ್ಲೂರು ಕಡೆಯ ಒಂದು ಕೆರೆಯನ್ನು ಬರೆಯುತ್ತಿದ್ದಳು. ಕೆರೆಯ ಹೆಸರನ್ನು ನಡುವೆ ಬರೆದು, ಅದರ ಮೇಲೆಯೇ ಅಲೆಯ ಗೆರೆಗಳನ್ನು ಈ ದಡದಿಂದ ಆ ದಡಕ್ಕೆ ಎಳೆದಳು. ಚೆಂದ ಕಂಡಿತು. ಶಾಮಣ್ಣ ಹಿಂದೆ ನಿಂತು ನೋಡಿದರು, ಹಿತ್ತಾಳೆ ಸ್ಕೇಲಿನ ಅಂಚಿನಿಂದ ಮಣಿಕಟ್ಟಿಗೆ ಹೊಡೆದರು. ರಕ್ತ ಹಾಳೆಯ ಮೇಲೆ ಬಿತ್ತು. ಅವರು ಮೊದಲು ಹಾಳೆ ಒರೆಸಿದರು, ಆಮೇಲೆ ಅವಳಿಗೆ ಹತ್ತಿ ಕೊಟ್ಟರು.

"ಅಕ್ಷರದ ಮೇಲೆ ನೀರು ಹರಿಸ್ತೀಯೇನೇ? ಮನೆ ಸುತ್ತ ಅಂಗಳ ಬಿಡಲ್ವಾ, ಹಂಗೆ ಬಿಡು ಅದಕ್ಕೂ" ಎಂದರು.

ಆ ಏಟನ್ನು ಅವಳು ಮನೆಯಲ್ಲಿ ಹೇಳಲಿಲ್ಲ. ಮರುದಿನ ಬಂದು ಕೆರೆಯನ್ನು ಮತ್ತೆ ಬರೆದಳು. ಗೆರೆಗಳು ಹೆಸರಿನ ಹತ್ತಿರ ಬಂದು, ಕೂದಲೆಳೆಯಷ್ಟು ದೂರದಲ್ಲಿ ನಿಂತು, ಆಚೆ ಬದಿಯಿಂದ ಮತ್ತೆ ಹೊರಟವು. ಹೆಸರು ನೀರಿನ ನಡುವೆ ಒಣಗಿದ ನೆಲದ ಮೇಲೆ ನಿಂತಂತೆ ನಿಂತಿತು.

ಇಪ್ಪತ್ತೆರಡಕ್ಕೆ ತರೀಕೆರೆಗೆ ಮದುವೆಯಾದಳು. ಗಂಡನಿಗೆ ಮರದ ಮಿಲ್ಲಿನಲ್ಲಿ ಕೆಲಸ. ಹೆಂಡತಿ ಬೆಳಿಗ್ಗೆ ಎದ್ದು ಪೆನ್ನು ಹಿಡಿಯಲು ಊರು ಬಿಟ್ಟು ಊರಿಗೆ ಹೋಗುವುದನ್ನು ಅವನಿಗೆ ಸಹಿಸಲಾಗಲಿಲ್ಲ. ಮದುವೆಯಾದ ಹನ್ನೊಂದನೆಯ ತಿಂಗಳಲ್ಲಿ ಒಂದು ಬೆಳಿಗ್ಗೆ, ಅವಳು ಬಸ್ಸಿಗೆ ಹೊರಟಿದ್ದಾಗ, ಅವಳ ಬಲಗೈ ತೋರುಬೆರಳನ್ನು ಬಾಗಿಲ ಚೌಕಟ್ಟಿಗೆ ಒತ್ತಿ ಹಿಂದಕ್ಕೆ ಬಗ್ಗಿಸಿದ, ಲಟಕ್ಕೆನ್ನುವವರೆಗೆ. ಪೊರಕೆ ಕಡ್ಡಿಗಳನ್ನು ಕಟ್ಟಿದ ಬೆರಳಿನೊಂದಿಗೆ ಅವಳು ಅಜ್ಜಂಪುರಕ್ಕೆ ಹೋದಳು, ಮತ್ತೆ ತರೀಕೆರೆಯ ಕಡೆ ತಿರುಗಲಿಲ್ಲ. ಬೆರಳು ಡೊಂಕಾಗಿಯೇ ಕೂಡಿಕೊಂಡಿತು. ಆ ಡೊಂಕಿನಲ್ಲಿ ಪೆನ್ನು ಜಾರದೆ ಕೂರುತ್ತದೆ ಎಂದು ಅವಳು ಒಮ್ಮೊಮ್ಮೆ ನಗುತ್ತಾ ಹೇಳುವುದುಂಟು. ಕೇಳಿದವರಿಗೆ ನಗು ಬರುವುದಿಲ್ಲ.

ವರ್ಷಗಳು ಕಳೆದಂತೆ ಅವಳಿಗೆ ಒಂದು ವಿಷಯ ತಿಳಿಯಿತು. ನಕ್ಷೆಯ ಹಿನ್ನೆಲೆ ಸುಮ್ಮನೆ ಬಿದ್ದಿರುವುದಿಲ್ಲ. ಅದು ಅಕ್ಷರವನ್ನು ತಿನ್ನುತ್ತದೆ, ಮತ್ತು ಒಂದೊಂದು ಹಿನ್ನೆಲೆ ಒಂದೊಂದು ಥರ ತಿನ್ನುತ್ತದೆ. ಕಲ್ಲುಭೂಮಿಗೆ ಹಾಕುವ ಚುಕ್ಕಿಗಳು ಕನ್ನಡ ಅಕ್ಷರದ ಪಕ್ಕ ಬಂದು ಕೂತರೆ ಸೊನ್ನೆಯಾಗುತ್ತವೆ. ಗದ್ದೆಯ ಹುಲ್ಲುಗುರುತು ತಲೆಕಟ್ಟಿಗೆ ಅಂಟಿಕೊಳ್ಳುತ್ತದೆ. ಕೆರೆಯ ಅಲೆ ಒತ್ತಕ್ಷರಗಳನ್ನು ಮುಳುಗಿಸುತ್ತದೆ. ಎಲ್ಲಕ್ಕಿಂತ ಹೊಟ್ಟೆಬಾಕತನದ್ದು ತೆಂಗಿನ ತೋಟ. ಸಣ್ಣ ನಕ್ಷತ್ರದಂಥ ಗುರುತು, ಎಂಟು ಗರಿಗಳು, ಒತ್ತೊತ್ತಾಗಿ. ಅದರೊಳಗೆ ಸಿಕ್ಕ ಪದ ಎಲ್ಲಿ ಶುರುವಾಯಿತು, ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಹತ್ತುವುದಿಲ್ಲ. ಹಾಗಾಗಿ ತೋಟದೊಳಗಿನ ಅಕ್ಷರಕ್ಕೆ ಅವಳು ಎರಡು ಪಟ್ಟು ಅಂಗಳ ಬಿಡುತ್ತಿದ್ದಳು.

ಒಂದು ಸಲ ಬಿಡಲಿಲ್ಲ.

ಅದು ಹದಿನಾರು ವರ್ಷದ ಹಿಂದಿನ ಮಾತು. ಸಿಂಗಟಗೆರೆಯ ಅಣ್ಣತಮ್ಮಂದಿರಿಬ್ಬರು ಕೆರೆಯಂಚಿನ ತೆಂಗಿನ ತೋಟವನ್ನೂ ಅದರ ಹಿಂದಿನ ಹೊಲವನ್ನೂ ಭಾಗ ಮಾಡಿಕೊಂಡರು. ತೋಟ ತಮ್ಮನಿಗೆ, ಹೊಲ ಅಣ್ಣನಿಗೆ. ಹೊಲಕ್ಕೆ ಹೋಗಲು ತೋಟದ ನಡುವೆ ಎಂಟಡಿ ಅಗಲದ ಬಂಡಿ ದಾರಿ, ಅದು ಇಬ್ಬರಿಗೂ ಸೇರಿದ್ದು. ಪತ್ರದಲ್ಲಿ ಬರೆದದ್ದು ಇಷ್ಟೇ: ದಾರಿ ಲಗತ್ತಿಸಿದ ನಕ್ಷೆಯಲ್ಲಿ ತೋರಿಸಿದಂತೆ.

ಶಾಮಣ್ಣ ಆ ವಾರ ಕಣ್ಣಿನ ಪೊರೆ ತೆಗೆಸಿಕೊಂಡು ಮಲಗಿದ್ದರು. ನಕ್ಷೆ ಹಂಸಾಳೊಬ್ಬಳ ಮೇಲೆ ಬಿತ್ತು. ಅರೆಪಾರದರ್ಶಕ ಪ್ಲಾಸ್ಟಿಕ್ ಫಿಲ್ಮಿನ ಮೇಲೆ ಬರೆಯುವ ಕಾಲ ಅದು. ಅಂಗಡಿಯ ಪದ್ಧತಿ ಎಂದರೆ ಗಡಿ ಮತ್ತು ಅಕ್ಷರ ಫಿಲ್ಮಿನ ಮುಂಬದಿಗೆ, ತೋಟ ಗದ್ದೆ ಕೆರೆಯ ಗುರುತುಗಳು ಹಿಂಬದಿಗೆ. ಒಂದನ್ನು ಅಳಿಸಬೇಕಾದರೆ ಇನ್ನೊಂದಕ್ಕೆ ಧಕ್ಕೆಯಾಗಬಾರದು ಎಂದು. ಹಿಂಬದಿ ಬರೆಯುವಾಗ ಫಿಲ್ಮನ್ನು ಗಾಜಿನ ಮೇಜಿನ ಮೇಲೆ ಕವುಚಿ ಹಾಕಿ, ಕೆಳಗೆ ಟ್ಯೂಬ್‌ಲೈಟ್ ಹಚ್ಚಿದರೆ ಮುಂಬದಿಯ ಅಕ್ಷರ ತಿರುವುಮುರುವಾಗಿ ಕಾಣುತ್ತದೆ. ಅದನ್ನು ತಪ್ಪಿಸಿಕೊಂಡು ಗುರುತು ಹಾಕುತ್ತಾ ಹೋಗಬೇಕು.

ಅವತ್ತು ಕರೆಂಟಿರಲಿಲ್ಲ. ಅಣ್ಣತಮ್ಮಂದಿರು ಬೆಂಚಿನ ಮೇಲೆ ಕಾಯುತ್ತಿದ್ದರು. ಹಂಸಾ ಕಿಟಕಿಯ ಬೆಳಕಿನಲ್ಲೇ ಹಿಂಬದಿಯ ತುಂಬ ತೆಂಗು ಹಾಕಿದಳು. ತಿರುಗಿಸಿ ನೋಡಿದಾಗ ಎಲ್ಲ ಸರಿ ಕಂಡಿತು. ಮುಂಬದಿಯ ಮಸಿ ಕಪ್ಪಗೆ ಹೊಳೆಯುತ್ತಿತ್ತು. ಹಿಂದಿನ ತೆಂಗು ಮಂಜಿನಾಚೆಯ ಮರಗಳಂತೆ ಮಸುಕಾಗಿತ್ತು. 'ಬಂಡಿ ದಾರಿ, ೮ ಅಡಿ, ಇಬ್ಬರಿಗೂ' ಎಂದು ಸ್ಪಷ್ಟವಾಗಿ ಓದಬಹುದಿತ್ತು. ಸಂಜೆ ಕರೆಂಟು ಬಂದು ಜೆರಾಕ್ಸ್ ತೆಗೆದಾಗ ಯಂತ್ರಕ್ಕೆ ಮುಂಬದಿ ಹಿಂಬದಿ ಎಂಬ ಭೇದ ಇರಲಿಲ್ಲ. ಎರಡೂ ಒಂದೇ ಕಪ್ಪು. ದಾರಿಯ ಅಕ್ಷರವೂ ಅದರ ತುಂಡುಗೆರೆಗಳೂ ತೆಂಗಿನ ಗರಿಗಳೊಳಗೆ ಹೊಕ್ಕು ಮಾಯವಾದವು.

ಅವಳು ಅದನ್ನು ಕಂಡಳು. ಇದು ಅವಳಿಗೆ ಮಾತ್ರ ಗೊತ್ತಿದ್ದ ಸಂಗತಿ. ಕಂಡು, ಕೈಯಲ್ಲಿ ಹಿಡಿದು ಒಂದು ಗಳಿಗೆ ನಿಂತಳು. ಅಷ್ಟರಲ್ಲಿ ಅಣ್ಣ ಎದ್ದು ಬಂದು, "ಕೊಡು ತಾಯಿ, ನಮ್ ದಾರಿ ನಮಗೆ ಗೊತ್ತಿಲ್ವಾ" ಎಂದು ಪ್ರತಿಗಳನ್ನು ಮಡಿಚಿ ಜೇಬಿಗಿಟ್ಟುಕೊಂಡ. ಅವಳು ಕೊಟ್ಟಳು.

ಅಣ್ಣ ಸತ್ತ. ತಮ್ಮನೂ ಸತ್ತ. ದಾರಿ ಗೊತ್ತಿದ್ದವರು ಹೋದರು, ನಕ್ಷೆ ಉಳಿಯಿತು.

ತಮ್ಮನ ಮಗ ದುಶ್ಯಂತ್ ಹೋದ ಮಾಘದಲ್ಲಿ ತೋಟದ ಸುತ್ತ ಕಲ್ಲುಕಂಬ ನೆಡಿಸಿ ಮುಳ್ಳುತಂತಿ ಎಳೆಸಿದ. ಅಣ್ಣನ ಮಗ ಚಂದ್ರಶೇಖರ ಕೇಳಲು ಹೋದರೆ ನಕ್ಷೆ ಬಿಡಿಸಿ ತೋರಿಸಿದ. ಅದರಲ್ಲಿ ತೆಂಗಲ್ಲದೆ ಬೇರೇನೂ ಕಾಣಲಿಲ್ಲ. ಚಂದ್ರಶೇಖರ ತನ್ನ ಪ್ರತಿ ತಂದ, ಅದೂ ಅದೇ. ನಿಮ್ಮಪ್ಪ ಉಪಕಾರಕ್ಕೆ ಓಡಾಡಿದ್ದನ್ನು ಹಕ್ಕು ಅಂತೀಯಾ ಎಂದು ದುಶ್ಯಂತ್ ಕೇಳಿದನಂತೆ. ಅವನು ಸುಳ್ಳು ಹೇಳುತ್ತಿರಲಿಲ್ಲ. ಭಾಗವಾದಾಗ ಅವನು ಹಾಸ್ಟೆಲಿನಲ್ಲಿದ್ದ. ಅವನಿಗೆ ಗೊತ್ತಿದ್ದದ್ದು ಆ ಹಾಳೆ ಮಾತ್ರ.

ಹೊಲದಲ್ಲಿ ರಾಗಿ ಕೊಯ್ದು ಬಿದ್ದಿತ್ತು. ನಾಲ್ಕನೆಯ ದಿನ ಚಂದ್ರಶೇಖರ ಟ್ರ್ಯಾಕ್ಟರನ್ನು ತಂತಿಯ ಮೇಲೆಯೇ ಬಿಟ್ಟ. ಎರಡು ಕಂಬ ಮುರಿದವು. ತಂತಿ ಕಿತ್ತು ಹಾವಿನಂತೆ ಚಿಮ್ಮಿ ಗಾಲಿಗೆ ಸುತ್ತಿಕೊಂಡು ಟ್ರ್ಯಾಕ್ಟರ್ ನಿಂತಿತು. ದುಶ್ಯಂತ್ ಹಾರೆ ಹಿಡಿದು ಓಡಿ ಬಂದು ಅವನನ್ನು ಸೀಟಿನಿಂದ ಎಳೆದು ಬೆನ್ನಿಗೆ, ಮೊಣಕಾಲಿಗೆ ಹೊಡೆದ. ಮಗನ ಮೇಲೆ ಅಡ್ಡ ಬಿದ್ದ ತಾಯಿ ಪಾಪಮ್ಮನನ್ನು ಯಾರೋ ಜುಟ್ಟು ಹಿಡಿದು ಎಳೆದರು. ಅವಳ ಹಣೆ ಕಲ್ಲುಕಂಬದ ತುಂಡಿಗೆ ಬಡಿಯಿತು. ತಾಯಿಯ ಮುಖ ರಕ್ತವಾದದ್ದು ನೋಡಿ ಚಂದ್ರಶೇಖರ ಟ್ರ್ಯಾಕ್ಟರಿನಲ್ಲಿದ್ದ ಮಚ್ಚು ತೆಗೆದು ಬೀಸಿದ. ದುಶ್ಯಂತ್ ಎಡಗೈ ಅಡ್ಡ ಹಿಡಿದ. ಎರಡು ಬೆರಳು ಉದುರಿದ ತೆಂಗಿನ ಗರಿಗಳ ಮೇಲೆ ಬಿದ್ದವು. ಒಂದನ್ನು ಬಟ್ಟೆಯಲ್ಲಿ ಸುತ್ತಿ ಆಸ್ಪತ್ರೆಗೆ ಒಯ್ದರು, ಕೂಡಲಿಲ್ಲ. ಇನ್ನೊಂದು ಸಿಗಲೇ ಇಲ್ಲ.

ಚಂದ್ರಶೇಖರ ಮುರಿದ ಮೊಣಕಾಲಿನೊಂದಿಗೆ ಜೈಲಿಗೆ ಹೋದ. ಅನ್ಯರ ತೋಟಕ್ಕೆ ನುಗ್ಗಿ ಕೊಲೆಗೆ ಪ್ರಯತ್ನಿಸಿದ ಎಂದು ಕೇಸಾಯಿತು.

ಹನ್ನೆರಡನೆಯ ದಿನ ಪಾಪಮ್ಮ ಕಡೂರಿಗೆ ಬಂದಳು. ಹಣೆಗೆ ಬ್ಯಾಂಡೇಜು, ಒಂದು ಕಣ್ಣು ಮುಚ್ಚಿಹೋಗುವಷ್ಟು ಊತ. ಶಾಮಣ್ಣ ಆಗಲೇ ತೀರಿಕೊಂಡಿದ್ದರು. ಅಂಗಡಿಯನ್ನು ಅವರ ಮಗ ಅಭಿನವ ಕಂಪ್ಯೂಟರ್ ಇಟ್ಟುಕೊಂಡು ನಡೆಸುತ್ತಿದ್ದ. ಹಂಸಾ ಮೂಲೆಯ ಗಾಜಿನ ಮೇಜಿನ ಬಳಿ ಹಳೆಯ ಫಿಲ್ಮುಗಳನ್ನು ನೋಡಿಕೊಂಡಿದ್ದಳು. ಪಾಪಮ್ಮ ನೇರ ಅವಳ ಮುಂದೆ ಜೆರಾಕ್ಸ್ ಹಾಸಿದಳು. ಮಡಿಕೆಗಳಲ್ಲಿ ಸವೆದ ಹಾಳೆ.

"ಓದಕ್ಕೆ ಬರಲ್ಲ ನಂಗೆ. ನಮ್ ದಾರಿ ಎಲ್ಲೈತೆ, ಬೆರಳ್ ಮಡಗಿ ತೋರ್ಸು ತಾಯಿ."

ಹಂಸಾ ಬೆರಳಿಡಲು ಹೋದಳು. ತಾನೇ ಬರೆದ ಅಕ್ಷರ ತನಗೇ ಸಿಗಲಿಲ್ಲ. ತೆಂಗುಗಳು ಒಂದರ ಗರಿಯನ್ನೊಂದು ಹಿಡಿದು ನಿಂತಿದ್ದವು. ಆ ಡೊಂಕು ಬೆರಳು ಹಾಳೆಯ ಮೇಲೆ ಸುಮ್ಮನೆ ಅಲೆಯಿತು.

ಮೂಲ ಫಿಲ್ಮು ಇದೆ, ಹುಡುಕುತ್ತೇನೆ ಎಂದು ಹೇಳಿ ಮುದುಕಿಯನ್ನು ಕಳಿಸಿದಳು. ತಾಲ್ಲೂಕಿನ ಅಧಿಕಾರಿ ಬರುವ ಗುರುವಾರ ಸ್ಥಳ ನೋಡಲು ಬರುತ್ತಾರೆ, ಅಷ್ಟರಲ್ಲಿ ಬೇಕು ಎಂದಿದ್ದಳು ಪಾಪಮ್ಮ. ದಾರಿ ಇದೆ ಎಂದಾದರೆ ಮಗ ನುಗ್ಗಿದವನಾಗುವುದಿಲ್ಲ, ತನ್ನ ದಾರಿಯಲ್ಲಿ ಹೋಗುತ್ತಿದ್ದವನಾಗುತ್ತಾನೆ. ಇಲ್ಲವೆಂದಾದರೆ ತನ್ನ ತವರಿನವರೂ ಅಳಿಯಂದಿರೂ ಗುರುವಾರ ಮಚ್ಚು ತೆಗೆಯುವುದು ಖಚಿತ ಎಂದೂ ಹೇಳಿ ಹೋಗಿದ್ದಳು.

ಫಿಲ್ಮು ತಗಡಿನ ಕೊಳವೆಯೊಳಗೆ ಸಿಕ್ಕಿತು. ಮೇಜಿನ ಮೇಲೆ ಹಾಸಿ ದೀಪ ಹಚ್ಚದೆ ನೋಡಿದರೆ ಎಲ್ಲ ಸ್ಪಷ್ಟ. ದೀಪ ಹಚ್ಚಿದರೆ ಎಲ್ಲ ಕಾಡು. ಹಂಸಾ ಡ್ರಾಯರಿನಿಂದ ಬ್ಲೇಡು ತೆಗೆದಳು.

ಹಿಂಬದಿಯ ತೆಂಗನ್ನು ಹೆರೆದರೆ ಸಾಕಿತ್ತು. ದಾರಿಯ ಮೇಲಿನ ಮೂವತ್ತೋ ನಲವತ್ತೋ ಗುರುತು, ಅರ್ಧ ಗಂಟೆಯ ಕೆಲಸ. ಹೊಸ ಪ್ರತಿ ತೆಗೆದರೆ ಅಕ್ಷರ ಅಂಗಳದಲ್ಲಿ ನಿಂತಂತೆ ನಿಲ್ಲುತ್ತದೆ, ಹಂಸಾಳ ಕೈ ಎಂದೂ ತಪ್ಪದ ಕೈ ಎಂದೇ ಉಳಿಯುತ್ತದೆ. ಒಂದು ತೆಂಗನ್ನು ಹೆರೆದೇಬಿಟ್ಟಳು. ಕಪ್ಪು ಪುಡಿ ಎದ್ದಿತು, ಆದರೆ ಅದರ ಜಾಗದಲ್ಲಿ ಫಿಲ್ಮು ನುಣುಪಾಗಿ ಹೊಳೆಯಿತು. ಯಾರು ಬೆಳಕಿಗೆ ಹಿಡಿದರೂ ಹೆರೆದ ಜಾಗ ಗೊತ್ತಾಗುತ್ತದೆ. ಗೊತ್ತಾದರೆ ದುಶ್ಯಂತನ ವಕೀಲ ತಿದ್ದಿದ ನಕ್ಷೆ ಎಂದು ಎಸೆಯುತ್ತಾನೆ, ಅದರೊಂದಿಗೆ ದಾರಿಯೂ ಹೋಗುತ್ತದೆ. ತಪ್ಪು ಇದ್ದ ಹಾಗೇ ಇದ್ದರೆ ಮಾತ್ರ ದಾರಿ ಉಳಿಯುತ್ತದೆ. ಅವಳು ಬ್ಲೇಡನ್ನು ಕೆಳಗಿಟ್ಟಳು.

ಮಂಗಳವಾರ ಮಧ್ಯಾಹ್ನ ದುಶ್ಯಂತ್ ಬಂದ, ಜೊತೆಗೆ ಇಬ್ಬರು. ಮೂಲ ನಕ್ಷೆ ಕಡೂರಲ್ಲಿದೆ ಎಂದು ಪಾಪಮ್ಮ ಊರಿಡೀ ಹೇಳಿಕೊಂಡು ಬಂದಿದ್ದಳು. ಎಡಗೈ ಬಟ್ಟೆಯ ಉಂಡೆಯಾಗಿತ್ತು ಅವನದು.

"ಹದಿನಾರು ವರ್ಷ ಇಲ್ದೇ ಇದ್ದ ದಾರಿ ಈಗ ಎಲ್ಲಿಂದ ಬಂತು ಅಂತ ನೋಡ್ಬೇಕು. ತೆಗೀರಿ ಆ ಶೀಟು" ಎಂದ.

ಅಭಿನವ ಎದ್ದು ನಿಂತು, ಕೊಟ್ಟುಬಿಡಿ ಹಂಸಕ್ಕ, ಯಾಕೆ ರಂಪ ಎಂದ. ಕೊಡಲ್ಲ ಎಂದಳು ಹಂಸಾ. ಗುರುವಾರ ಎಲ್ಲರ ಎದುರಿಗೆ ನೋಡಬಹುದು ಎಂದಳು. ದುಶ್ಯಂತ್ ಬಟ್ಟೆ ಸುತ್ತಿದ ಕೈಯನ್ನು ಅವಳ ಮುಖದ ಹತ್ತಿರ ತಂದ.

"ಎರಡು ಬೆರಳು ಕಣಮ್ಮ. ಅವನದೇ ದಾರಿ ಅಂದ್ರೆ ನನ್ ಬೆರಳು ಯಾತಕ್ಕೋದ್ವು, ಹೇಳು."

ಅವನು ಮೇಜನ್ನು ಒದ್ದ. ಗಾಜು ಒಡೆಯಿತು, ಒಳಗಿನ ಟ್ಯೂಬು ಪಟಾರನೆ ಸಿಡಿಯಿತು. ಮೇಜಿನ ಮೇಲಿನ ಫಿಲ್ಮುಗಳು ಚೆಲ್ಲಾಡಿದವು. ಅವುಗಳನ್ನು ಹಿಡಿಯಲು ಬಾಗಿದ ಹಂಸಾಳನ್ನು ಅವನ ಜೊತೆಗಾರನೊಬ್ಬ ತಳ್ಳಿದ. ಬಲಗೈ ಗಾಜಿನ ಚೌಕಟ್ಟಿನಲ್ಲಿ ನಿಂತಿದ್ದ ಚೂರಿನ ಮೇಲೆ ಹೋಯಿತು. ಮಣಿಕಟ್ಟು ಬಾಯಿ ಬಿಟ್ಟಿತು. ಅವಳು ನೆಲಕ್ಕೆ ಬಿದ್ದದ್ದು ಒಂದು ಫಿಲ್ಮಿನ ಮೇಲೆ.

ಅವರು ಕೊಳವೆಗಳನ್ನೆಲ್ಲ ಕಿತ್ತು ಸುರುಳಿಗಳನ್ನು ಬಿಚ್ಚಿ ನೋಡಿದರು, ಮಡಿಚಿ ಹಾಕಿದರು, ತುಳಿದರು. ದುಶ್ಯಂತ್ ಅವಳ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತು, ಅವಳ ಮೈಕೆಳಗಿನಿಂದ ಹೊರಗೆ ಚಾಚಿಕೊಂಡಿದ್ದ ಫಿಲ್ಮನ್ನು ನೋಡಿದ. ಅದು ಕವುಚಿ ಬಿದ್ದಿತ್ತು. ಹೆಸರು ಬರೆದ ಮೂಲೆ ಅವಳ ತೊಡೆಯ ಕೆಳಗಿತ್ತು. ಕಂಡದ್ದು ಬರೀ ತೆಂಗು, ಅದರ ಮೇಲೆ ಹರಡುತ್ತಿದ್ದ ರಕ್ತ. ಅವನ ಸ್ವಂತ ತೋಟ, ಅವನ ಸ್ವಂತ ಮರಗಳು, ಅವುಗಳೊಳಗೆ ತಿರುವುಮುರುವಾಗಿ ನಿಂತ ಅಕ್ಷರ. ಅವನಿಗೆ ಓದಲಾಗಲಿಲ್ಲ. ಎದ್ದು ಹೋದ.

ಅಂಗಳ ಬಿಡದೆ ಹೋದದ್ದು ಅವತ್ತು ಆ ಫಿಲ್ಮನ್ನು ಉಳಿಸಿತು. ಆಸ್ಪತ್ರೆಯಲ್ಲಿ ಹನ್ನೊಂದು ಹೊಲಿಗೆ ಹಾಕುವಾಗ ಹಂಸಾ ಅದನ್ನೇ ನೆನೆದಳು, ನೆಮ್ಮದಿಯಾಗಲಿಲ್ಲ. ಹೆಬ್ಬೆರಳಿನ ನರ ತುಂಡಾಗಿದೆ, ಹಿಡಿತ ಬರುವುದು ಕಷ್ಟ ಎಂದರು ಡಾಕ್ಟರು. ಅಭಿನವ ಹೊರಗೆ ಬೆಂಚಿನ ಮೇಲೆ ತಲೆ ತಗ್ಗಿಸಿ ಕೂತಿದ್ದ. ಪೊಲೀಸರಿಗೆ ದೂರು ಬರೆದದ್ದು ಅವನೇ.

ಗುರುವಾರ ಬೆಳಿಗ್ಗೆ ಅವಳು ಫಿಲ್ಮನ್ನು ಸೀರೆಯ ಕೆಳಗೆ ಸೊಂಟಕ್ಕೆ ಸುತ್ತಿಕೊಂಡು ಸಿಂಗಟಗೆರೆಯ ಬಸ್ಸು ಹತ್ತಿದಳು. ಅದರ ಅಂಚು ಉಸಿರೆಳೆದಾಗಲೆಲ್ಲ ಚರ್ಮವನ್ನು ಕೊಯ್ಯುತ್ತಿತ್ತು.

ತೋಟದ ಅಂಚಿನಲ್ಲಿ ಎರಡು ಗುಂಪು ನಿಂತಿತ್ತು. ಒಂದು ಕಡೆ ಕೊಡಲಿ, ಇನ್ನೊಂದು ಕಡೆ ಹಾರೆ, ಗುದ್ದಲಿ. ಹೊಲದ ಕೆಲಸಕ್ಕೆ ತಂದದ್ದು ಎಂದು ಎರಡೂ ಕಡೆಯವರು ಹೇಳುತ್ತಿದ್ದರು. ನಡುವೆ ಅಧಿಕಾರಿ, ಇಬ್ಬರು ಕಾನ್‌ಸ್ಟೇಬಲ್‌ಗಳು. ಹಂಸಾ ಅಲ್ಲೇ ನಿಂತಿದ್ದ ಟ್ರ್ಯಾಕ್ಟರಿನ ಮರೆಗೆ ಹೋಗಿ ಫಿಲ್ಮು ಬಿಚ್ಚಿಕೊಂಡು ಬಂದಳು. ಬಲಗೈಗೆ ಬಟ್ಟೆ, ಹಾಗಾಗಿ ಒಂದು ಅಂಚನ್ನು ಪಾಪಮ್ಮನ ಕೈಗೆ ಕೊಟ್ಟು ಇನ್ನೊಂದನ್ನು ಎಡಗೈಯಲ್ಲಿ ಹಿಡಿದಳು. ಸೂರ್ಯನಿಗೆ ಹಿಡಿಯಲಿಲ್ಲ, ಬೆಳಕು ಮುಂದಿನಿಂದ ಬೀಳುವಂತೆ, ಮುಂಬದಿ ಅಧಿಕಾರಿಗೆ ಕಾಣುವಂತೆ ತಿರುಗಿಸಿದಳು.

ಅಧಿಕಾರಿ ಕನ್ನಡಕ ಸರಿಮಾಡಿಕೊಂಡು ಜೋರಾಗಿ ಓದಿದರು. ಬಂಡಿ ದಾರಿ, ಎಂಟು ಅಡಿ, ಇಬ್ಬರಿಗೂ. ಮತ್ತೆ ಜೆರಾಕ್ಸ್ ನೋಡಿದರು. ಇದರಲ್ಲೇಕೆ ಇಲ್ಲ ಎಂದು ಕೇಳಿದರು.

ಹಂಸಾ ಫಿಲ್ಮನ್ನು ತಿರುಗಿಸಿ ಹಿಂಬದಿ ತೋರಿಸಿದಳು. ತೆಂಗು, ಒಣಗಿದ ರಕ್ತ, ಹೆರೆದ ಒಂದು ನುಣುಪು ಜಾಗ. ಆ ಜಾಗವನ್ನೂ ತಾನೇ ತೋರಿಸಿ, ಬ್ಲೇಡು ಹಿಡಿದದ್ದನ್ನು ಹೇಳಿದಳು.

"ಅಕ್ಷರದ ಹಿಂದೆ ತೆಂಗು ಹಾಕ್ದೋಳು ನಾನೇ ಸಾರ್. ಪ್ರತಿಯಲ್ಲಿ ಮುಚ್ಚಿಹೋಗಿದ್ದು ಅವತ್ತೇ ನೋಡ್ದೆ. ನೋಡಿನೂ ಕೊಟ್ಟೆ."

ದುಶ್ಯಂತ್ ಮುನ್ನುಗ್ಗಿ ಫಿಲ್ಮಿಗೆ ಕೈ ಹಾಕಿ ಹರಿಯಲು ಎಳೆದ. ಅದು ಹರಿಯುವ ವಸ್ತುವಲ್ಲ. ಅವನು ಹಲ್ಲು ಕಚ್ಚಿ ಎಳೆದ, ಅಂಚು ಅವನ ಅಂಗೈಯನ್ನು ಕೊಯ್ದಿತು, ಫಿಲ್ಮು ಹಾಗೇ ಉಳಿಯಿತು. ಕಾನ್‌ಸ್ಟೇಬಲ್ ಹಿಡಿಯುವಷ್ಟರಲ್ಲಿ ಅವನು ಹಾರೆ ಕಸಿದುಕೊಂಡಿದ್ದ. ಎರಡೂ ಗುಂಪು ಹಿಂದೆ ಸರಿಯಿತು. ಅವನು ಹಂಸಾಳ ಕಡೆ ಬಂದ, ಬಂದು ನಿಂತ, ಬಟ್ಟೆ ಸುತ್ತಿದ ಕೈಗೆ ಬಟ್ಟೆ ಸುತ್ತಿದ ಕೈ ಎದುರಾಗಿತ್ತು. ಅವನು ತಿರುಗಿ ತನ್ನದೇ ಕಲ್ಲುಕಂಬಕ್ಕೆ ಹೊಡೆದ. ಮೂರು ಬೆರಳಿನ ಎಡಗೈಯಿಂದ ರಕ್ತ ಬಸಿಯುವವರೆಗೆ, ಕಂಬ ನಡುವಿನಲ್ಲಿ ಮುರಿದು ತಂತಿಯಲ್ಲಿ ನೇತಾಡುವವರೆಗೆ ಹೊಡೆದ. ಆಮೇಲೆ ಅಲ್ಲೇ ಕೂತುಬಿಟ್ಟ. ಅವನ ಕಡೆಯವರು ಕೈಯಲ್ಲಿದ್ದುದನ್ನು ಒಂದೊಂದಾಗಿ ನೆಲಕ್ಕಿಟ್ಟರು.

ಹಂಸಾ ಪಾಪಮ್ಮನ ಕಡೆ ನೋಡಿದಳು. ಮುದುಕಿ ಹಿಡಿದಿದ್ದ ಅಂಚನ್ನು ಬಿಟ್ಟು ಹತ್ತಿರ ಬಂದಳು. ಅವಳ ಕೆನ್ನೆಗೆ ಒಂದೇ ಒಂದು ಏಟು ಕೊಟ್ಟಳು. ಹೊಲದಲ್ಲಿ ದುಡಿದ ಕೈ. ಹಂಸಾಳ ಬಾಯೊಳಗೆ ಹಲ್ಲು ತಾಗಿ ಉಪ್ಪುಪ್ಪಾಯಿತು.

"ನನ್ ಮಗನ ಮೊಣಕಾಲು ಕಣೇ ಅದು" ಎಂದಳು ಪಾಪಮ್ಮ.

ಹಂಸಾ ತಲೆಯಾಡಿಸಿದಳು. ಕಾನ್‌ಸ್ಟೇಬಲ್ ಅಡ್ಡ ಬಂದರೆ ಬೇಡ ಎಂದು ಕೈ ತೋರಿಸಿದಳು.

ಮಹಜರು ಬರೆಯುವಾಗ ಅಧಿಕಾರಿ ಸ್ಥಳದ ಒಂದು ಕೈನಕ್ಷೆ ಮಾಡಿ, ಹೆಸರುಗಳನ್ನು ನೀವೇ ಬರೆಯಿರಿ ಎಂದು ಅವಳ ಮುಂದಿಟ್ಟರು. ಬಲಗೈಯ ಹೆಬ್ಬೆರಳು ಪೆನ್ನಿಗೆ ಬಗ್ಗಲಿಲ್ಲ. ಎಡಗೈಯಲ್ಲಿ ಬರೆದಳು. ಮೂವತ್ತೈದು ವರ್ಷದ ದುಂಡಕ್ಷರ ಹೋಗಿ, ಶಾಲೆಗೆ ಹೊಸದಾಗಿ ಸೇರಿದ ಮಗುವಿನ ಅಕ್ಷರ ಬಂತು. ದಾರಿಯ ಎರಡು ಗೆರೆ, ನಡುವೆ ಹೆಸರು. ತೋಟದ ಗುರುತು ಹಾಕಲ್ವಾ ಎಂದು ಅವರು ಕೇಳಿದರು. ಅವಳು ತೋಟದ ದೂರದ ನಾಲ್ಕು ಮೂಲೆಗಳಲ್ಲಿ ನಾಲ್ಕೇ ತೆಂಗು ಹಾಕಿ ಪೆನ್ನು ಮುಚ್ಚಿದಳು.

ನಕ್ಷೆ ಕೈಯಿಂದ ಕೈಗೆ ಹೋಯಿತು. ಬೆರಳಚ್ಚು ಒತ್ತಲು ಪಾಪಮ್ಮನ ಸರದಿ ಬಂದಾಗ ಯಾರೋ ಜಾಗ ತೋರಿಸಲು ಬಾಗಿದರು. ಅವಳು ಅವರ ಕೈಯನ್ನು ತಳ್ಳಿ, ಊದಿದ ಕಣ್ಣನ್ನು ಹಾಳೆಯ ಹತ್ತಿರ ತಂದು ನೋಡಿದಳು. ಓದಲು ಬಾರದ ಆ ಹೆಂಗಸು, ಮಸಿ ಹಚ್ಚಿದ ಹೆಬ್ಬೆರಳನ್ನು ಎತ್ತಿ ಹಿಡಿದು, ತೋರುಬೆರಳನ್ನು ಮಾತ್ರ ಬಿಳಿಯ ನಡುವೆ ನಿಂತಿದ್ದ ಆ ಸೊಟ್ಟ ಅಕ್ಷರಗಳ ಮೇಲೆ ನೇರವಾಗಿ ಇಟ್ಟಳು.